ಅಖ್ತರಿ ಹೊಲಿದ ಫ್ರಾಕು

ರಾಧಾಮಣಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಕೋಡಿಹಳ್ಳಿಯಿಂದ ವಿರೂಪಾಕ್ಷಿಪುರದ ಪಕ್ಕದೂರಿಗೆ ಸೊಸೆಯಾಗಿ ಬಂದ ವರ್ಷವೇ ಅದು ಎಲ್ಲರಿಗೂ ತಿಳಿಯಿತು. ರಾಗಿ ಹೊಲದಲ್ಲಿ ಕಳೆ ಕೀಳಲು ಬಗ್ಗಿ ಒಂದು ಸಾಲು ಮುಗಿಸುವಷ್ಟರಲ್ಲಿ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಸೆರಗು ಒತ್ತಿಕೊಂಡು ಮತ್ತೆ ಬಗ್ಗುತ್ತಿದ್ದಳು. ಮತ್ತೆ ಸುರಿಯುತ್ತಿತ್ತು. ಅತ್ತೆ ದೊಡ್ಡಲಕ್ಷ್ಮಮ್ಮ ಬಾಯಿ ಜೋರಿನ ಹೆಂಗಸು, ಆದರೆ ಕಣ್ಣಿದ್ದವಳು. ಮೂರು ಸಲ ಸುಮ್ಮನೆ ನೋಡಿದಳು. ನಾಲ್ಕನೆಯ ಸಲ ಸೊಸೆಯ ಕೈಯಿಂದ ಕುಡುಗೋಲು ಕಿತ್ತುಕೊಂಡು ಮಗನನ್ನು ಕೂಗಿದಳು.

"ಲೇ ಸ್ವಾಮಿ, ಇವ್ಳ ಕೈಗೆ ಸೂಜಿ ಕೊಡ್ಸು ಕಣ್ಲಾ. ನೆಳ್ಳಲ್ಲಿ ಕುಂತ್ಕಂಡು ಏನಾರ ಮಾಡ್ಕಳ್ಲಿ. ಇಂಗೇ ಬುಟ್ರೆ ಒಂದಿನ ಹೊಲ್ದಲ್ಲೇ ಬಿದ್ದೋಯ್ತಾಳೆ."

ಸ್ವಾಮಿ ತಾಯಿಯ ಮಾತಿಗೂ ಎದುರಾಡುವವನಲ್ಲ, ಹೆಂಡತಿಯ ಮಾತಿಗೂ ಎದುರಾಡುವವನಲ್ಲ. ಮುಂದಿನ ವಾರ ರಾಧಾಮಣಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ಬಂದು, ಅವರಿವರನ್ನು ಕೇಳಿಕೊಂಡು, ಮಸೀದಿ ಹಿಂದಿನ ಗಲ್ಲಿಯಲ್ಲಿದ್ದ ಅಖ್ತರಿಯ ಮನೆಯ ಮುಂದೆ ಇಳಿಸಿದ.

ಅಖ್ತರಿಗೆ ಆಗ ನಲವತ್ತೈದರ ಆಸುಪಾಸು. ಗೊಂಬೆಗೆ ಅರಗು ಹಚ್ಚುವ ಕೆಲಸ ಮಾಡುತ್ತಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಬೀದಿ ಕಡೆಯದನ್ನು ಹೊಲಿಗೆಗೆ ಬಿಟ್ಟುಕೊಟ್ಟಿದ್ದಳು. ಕಾಲಲ್ಲಿ ತುಳಿಯುವ ಮೂರು ಮಷೀನು, ಒಂದು ಉದ್ದನೆಯ ಹಲಗೆ, ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಊರಿನವರು ಅವಳನ್ನು ಫ್ರಾಕಿನ ಅಖ್ತರಿ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಮೈಸೂರಿನ ಒಬ್ಬ ಹೊಲಿಗೆ ಟೀಚರಮ್ಮನ ಮನೆಯಲ್ಲಿ ಕೆಲಸಕ್ಕಿದ್ದಾಗ ಕಲಿತ ಫ್ರಾಕುಗಳು ಅವು. ಪುಗ್ಗೆ ತೋಳು, ದುಂಡು ಕಾಲರು, ಸೊಂಟದ ಸುತ್ತ ನೆರಿಗೆ, ಎದೆಯ ಮೇಲೆ ಸಣ್ಣಗೆ ನೆರಿಗೆ ಹಿಡಿದು ಅದರ ಮೇಲೆ ಬಣ್ಣದ ದಾರದಲ್ಲಿ ಜೇನುಗೂಡಿನ ಹಾಗೆ ಹೆಣೆಯುವ ಕೈಹೊಲಿಗೆ. ಯುಗಾದಿ ಹತ್ತಿರವಾದಾಗ, ರಂಜಾನ್ ಹತ್ತಿರವಾದಾಗ ಆ ಗಲ್ಲಿಯಲ್ಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಸಾಲಾಗಿ ನಿಲ್ಲುತ್ತಿದ್ದರು.

ಮೊದಲ ಆರು ತಿಂಗಳು ಅಖ್ತರಿ ರಾಧಾಮಣಿಗೆ ಮಷೀನು ಮುಟ್ಟಲು ಬಿಡಲಿಲ್ಲ. ಗುಂಡಿ ಹಾಕು, ಕಾಜಾ ಹಾಕು, ಅಂಚು ಮಡಿಸು, ಅಷ್ಟೇ. ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸದೆ ಕತ್ತರಿ ಇಟ್ಟರೆ ಬೈಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಬೈಯುತ್ತಿದ್ದುದು ದಾರದ ತುದಿಗೆ ಗಂಟು ಹಾಕಿದರೆ.

"ಗಂಟು ಹಾಕಬೇಡ ಬೇಟಾ. ಒಳಗಡೆ ಮಗುಗೆ ಚುಚ್ಚುತ್ತೆ. ಮಗು ಬಾಯಿ ಬಿಟ್ಟು ಹೇಳುತ್ತಾ? ಅಳುತ್ತೆ, ತಾಯಿ ಹಸಿವು ಅಂತ ತಿಳ್ಕೋತಾಳೆ." ಹೀಗೆ ಹೇಳಿ, ಮೊದಲ ನೆರಿಗೆಯ ಮೇಲೆ ಸೂಜಿಯನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ ದಾರವನ್ನು ಅಲ್ಲೇ ಬಿಗಿ ಮಾಡಿ ತೋರಿಸುತ್ತಿದ್ದಳು. ಒಳಭಾಗವನ್ನು ಕೆನ್ನೆಗೆ ಒತ್ತಿ ನೋಡಿದರೂ ಎಲ್ಲೂ ತಡೆಯುತ್ತಿರಲಿಲ್ಲ.

ರಾಧಾಮಣಿ ಅಲ್ಲಿ ಏಳು ವರ್ಷ ಇದ್ದಳು. ಕಲಿಯಲು ಬಂದವಳು ಕೆಲಸಕ್ಕೇ ನಿಂತಳು. ಮಗಳು ಧನುಶ್ರೀ ಹುಟ್ಟಿದಾಗ ಬಾಣಂತನ ಮುಗಿಸಿ ಮಗುವನ್ನು ಎತ್ತಿಕೊಂಡೇ ಬಂದಳು. ಹಲಗೆಯ ಕೆಳಗೆ ಸೀರೆಯ ಜೋಲಿ ಕಟ್ಟಿ, ಅಖ್ತರಿ ಒಂದು ಕಾಲಲ್ಲಿ ಮಷೀನು ತುಳಿಯುತ್ತ ಇನ್ನೊಂದು ಕಾಲಲ್ಲಿ ಜೋಲಿ ತೂಗುತ್ತಿದ್ದಳು.

ಆಮೇಲೆ ಪೇಟೆಯಲ್ಲಿ ರೆಡಿಮೇಡ್ ಅಂಗಡಿಗಳು ಒಂದಾದ ಮೇಲೊಂದು ಬಂದವು. ಬಟ್ಟೆ ತಂದು, ಅಳತೆ ಕೊಟ್ಟು, ಎಂಟು ದಿನ ಕಾಯುವ ತಾಳ್ಮೆ ತಾಯಂದಿರಿಗೆ ಹೋಯಿತು. ಅದೇ ಹೊತ್ತಿಗೆ ರಾಮನಗರದ ಆಚೆ, ದೊಡ್ಡ ರಸ್ತೆಯ ಪಕ್ಕ, ಗಾರ್ಮೆಂಟ್ಸ್ ಕಾರ್ಖಾನೆ ಎದ್ದಿತು. ಬೆಳಿಗ್ಗೆ ಏಳಕ್ಕೆ ಕಂಪನಿ ವ್ಯಾನು ವಿರೂಪಾಕ್ಷಿಪುರದವರೆಗೂ ಬಂದು ಹೆಂಗಸರನ್ನು ತುಂಬಿಕೊಂಡು ಹೋಗತೊಡಗಿತು. ಅಖ್ತರಿಯ ಹತ್ತಿರ ಇದ್ದ ಇಬ್ಬರು ಹುಡುಗಿಯರು ಮೊದಲು ಹೋದರು. ೨೦೦೪ರಲ್ಲಿ ರಾಧಾಮಣಿಯೂ ಹೇಳಲಾರದೆ ಹೇಳಿದಳು. ಅಖ್ತರಿ ಒಂದು ಕ್ಷಣವೂ ಮುಖ ಸಣ್ಣದು ಮಾಡಲಿಲ್ಲ.

"ಹೋಗು ಬೇಟಾ. ಇಲ್ಲಿ ಕೂತ್ಕೊಂಡು ಇಬ್ಬರೂ ಬಾಗಿಲು ನೋಡೋದಾ? ಒಬ್ಬಳು ನೋಡಿದ್ರೆ ಸಾಕು."

ಕಾರ್ಖಾನೆಯಲ್ಲಿ ರಾಧಾಮಣಿಗೆ ಸಿಕ್ಕಿದ್ದು ನಾಲ್ಕನೆಯ ಲೈನಿನಲ್ಲಿ ಎಡಗಡೆಯ ತೋಳು ಕೂರಿಸುವ ಕೆಲಸ. ಬಲಗಡೆಯದನ್ನು ಅವಳ ಪಕ್ಕದವಳು ಕೂರಿಸುತ್ತಿದ್ದಳು. ಕಾಲರು ಎಲ್ಲೋ ಹಿಂದೆ, ಗುಂಡಿ ಎಲ್ಲೋ ಮುಂದೆ. ಎರಡು ವರ್ಷದಲ್ಲಿ ಎಷ್ಟು ಸಾವಿರ ಎಡತೋಳು ಕೂರಿಸಿದಳೋ, ಪೂರ್ತಿ ಮುಗಿದ ಒಂದೇ ಒಂದು ಅಂಗಿಯನ್ನು ಬಿಡಿಸಿ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ನೆರಳಿತ್ತು, ಮೇಲೆ ಫ್ಯಾನಿತ್ತು, ಮೂಗಿನಲ್ಲಿ ರಕ್ತ ಬರುತ್ತಿರಲಿಲ್ಲ. ಆದರೂ ಸಂಜೆ ವ್ಯಾನಿನಲ್ಲಿ ಕೂತಾಗ ಇವತ್ತು ಏನು ಹೊಲಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇಲ್ಲ ಅನ್ನಿಸುತ್ತಿತ್ತು.

೨೦೦೬ರ ಆಗಸ್ಟಿನಲ್ಲಿ ಸ್ಯಾಂಪಲ್ ರೂಮಿನಲ್ಲಿ ಗಲಾಟೆ ಶುರುವಾಯಿತು. ಸ್ಯಾಂಪಲ್ ರೂಮೆಂದರೆ, ವಿದೇಶದ ಗಿರಾಕಿ ಆರ್ಡರು ಕೊಡುವ ಮೊದಲು ಒಂದೇ ಒಂದು ಪೀಸನ್ನು ಪೂರ್ತಿಯಾಗಿ ಹೊಲಿದು ತೋರಿಸುವ ಜಾಗ. ಅಲ್ಲಿ ಕೂರುವವರು ಆರು ಜನ ಮಾತ್ರ, ಎಲ್ಲರೂ ಗಂಡಸರು. ಕನಕಪುರದ ಮನೋಹರ್ ಅವರ ಮಾಸ್ಟರು. ಈ ಸಲ ಗಿರಾಕಿ ಒಂದು ಹಳೆಯ ಫೋಟೋ ಕಳಿಸಿದ್ದ. ಅವರ ದೇಶದಲ್ಲಿ ಚಳಿ ಬಿಟ್ಟು ಎಳೆಬಿಸಿಲು ಬರುವ ಕಾಲಕ್ಕೆ, ಅಂದರೆ ನಮ್ಮ ಯುಗಾದಿಯ ಹೊತ್ತಿಗೆ, ಐವತ್ತು ವರ್ಷದ ಹಿಂದಿನ ಮಾದರಿಯ ಕಾಟನ್ ಫ್ರಾಕು ಬೇಕಂತೆ. ಮಕ್ಕಳಿಗಲ್ಲ, ದೊಡ್ಡ ಹೆಂಗಸರಿಗೆ. ಊಟದ ಹೊತ್ತಿನಲ್ಲಿ ಅದೇ ಮಾತು, ಅದೇ ನಗು.

"ಎಂಗಸ್ರು ಫ್ರಾಕ್ ಹಾಕ್ಕತಾರಂತೆ ಕಣಕ್ಕ, ನಮ್ಮತ್ತೆಗೊಂದು ಹೊಲ್ಸ್‌ಬೇಕು" ಎಂದು ಪಕ್ಕದ ಮೇಜಿನ ಮುನಿರತ್ನಮ್ಮ ಅನ್ನ ನೆತ್ತಿಗೇರುವಷ್ಟು ನಕ್ಕಳು.

ಸ್ಯಾಂಪಲ್ ರೂಮಿನವರು ನಗುತ್ತಿರಲಿಲ್ಲ. ಅವರು ಹೊಲಿದ ನಾಲ್ಕು ಪೀಸೂ ವಾಪಸು ಬಂದಿದ್ದವು. ಹೊಸದರ ಹಾಗೆ ಕಾಣುತ್ತದೆ, ಸೊಂಟದಿಂದ ಕೆಳಗೆ ಜೀವ ಇಲ್ಲ ಎಂದು ಗಿರಾಕಿಯ ಕಡೆಯವನು ಬರೆದಿದ್ದ. ಎದೆಯ ಮೇಲಿನ ನೆರಿಗೆಯನ್ನು ಎಲಾಸ್ಟಿಕ್ ಕೊಟ್ಟು ಮಷೀನಿನಲ್ಲಿ ಹಿಡಿದರೆ ಆಗುವುದಿಲ್ಲ, ಕೈಯಲ್ಲೇ ಆಗಬೇಕು. ಮನೋಹರ್ ಸೋತು, ಫೋಟೋ ಹಿಡಿದುಕೊಂಡು ಲೈನುಗಳ ನಡುವೆ ಬಂದ.

"ಈ ತರ ಕೈಹೊಲಿಗೆ ಯಾರಿಗಾದ್ರೂ ಬರುತ್ತೇನ್ರಮ್ಮ?"

ಫೋಟೋ ನೋಡಿದ ಕೂಡಲೇ ರಾಧಾಮಣಿ ಮಷೀನಿನಿಂದ ಕಾಲು ತೆಗೆದಳು. ಆ ಪುಗ್ಗೆ ತೋಳು, ಆ ಕಾಲರು, ಆ ಜೇನುಗೂಡು. ಮಸೀದಿ ಹಿಂದಿನ ಗಲ್ಲಿಯಲ್ಲಿ ತಂತಿಯ ಮೇಲೆ ನೇತಾಡುತ್ತಿದ್ದ ಫ್ರಾಕನ್ನೇ ಯಾರೋ ಎಳೆದು ದೊಡ್ಡದು ಮಾಡಿದ ಹಾಗಿತ್ತು.

"ನಂಗೆ ಬತ್ತದೆ ಸಾರ್."

ಮನೋಹರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಎಡತೋಳು ಕೂರಿಸುವ ಹೆಂಗಸು. ಆದರೂ ಬೇರೆ ದಾರಿ ಇರಲಿಲ್ಲ. ತಿಳಿನೀಲಿ ಹೂವಿನ ತೆಳು ಬಿಳಿ ಕಾಟನ್ ಬಟ್ಟೆ ನಾಲ್ಕೂವರೆ ಮೀಟರು, ಫೋಟೋದ ಜೆರಾಕ್ಸು, ಅಳತೆಯ ಚೀಟಿ, ಗೇಟಿನಲ್ಲಿ ತೋರಿಸಲು ಪಾಸು ಎಲ್ಲ ಕೊಟ್ಟು, "ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲೆ ಇರಬೇಕು ನೋಡಮ್ಮ" ಎಂದ.

ಅದು ಶುಕ್ರವಾರ. ಅಂದೇ ಬಟ್ಟೆಯನ್ನು ನೆನೆಹಾಕಿ ಮರುದಿನ ಒಣಗಿಸಿದಳು. ಶನಿವಾರ ಸಂಜೆ ಒಂದು ಹಳೆಯ ಪಂಚೆಯ ಮೇಲೆ ಕೈ ಓಡಿಸಿ ನೋಡಿದಾಗ ಗೊತ್ತಾಯಿತು, ತನಗೆ ಬರುತ್ತಿದ್ದುದು ಮಗುವಿನ ಅಳತೆಗೆ, ಅದೂ ಅಖ್ತರಿ ಕತ್ತರಿಸಿ ಚುಕ್ಕಿ ಇಟ್ಟುಕೊಟ್ಟಿದ್ದಕ್ಕೆ ಎಂದು. ದೊಡ್ಡ ಅಳತೆಗೆ ಹಿಡಿದರೆ ಭುಜ ಎಳೆಯುತ್ತಿತ್ತು. ಸಡಿಲ ಬಿಟ್ಟರೆ ಎದೆ ಜೋತುಬೀಳುತ್ತಿತ್ತು. ಎರಡು ಸಲ ಬಿಚ್ಚಿದಳು. ಸ್ವಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅಲ್ಲ ಕಣಮ್ಮಿ, ಬರದೇ ಇದ್ರೆ ಬರಕಿಲ್ಲ ಅನ್ನು. ಯಾಕಿಂಗೆ ಒದ್ದಾಡೀಯೆ?"

"ಬತ್ತದೆ ಅಂದ್ಬುಟ್ಟಿವ್ನಿ."

"ಅಂಗಾರೆ ಬೂಬಮ್ಮನ ಹತ್ರುಕ್ಕೇ ಓಗು. ನಾಳೀಕೆ ಭಾನ್ವಾರ ಅಲ್ವಾ."

ಎರಡು ವರ್ಷದಲ್ಲಿ ರಾಧಾಮಣಿ ಅಖ್ತರಿಯ ಮನೆಗೆ ಹೋಗಿದ್ದು ಎರಡೋ ಮೂರೋ ಸಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದಳು. ಮೂರು ಮಷೀನಿನಲ್ಲಿ ಎರಡಕ್ಕೆ ಹೊದಿಕೆ ಹಾಕಿತ್ತು. ಅಖ್ತರಿ ಹಲಗೆಯ ಮೇಲೆ ಒಂದು ದಿಂಬಿನ ಚೀಲ ಹೊಲಿಯುತ್ತ ಕೂತಿದ್ದಳು, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು. ಕಣ್ಣಿಗೆ ಪೊರೆ ಬರುತ್ತಿತ್ತು. ಆದರೆ ಜೆರಾಕ್ಸ್ ಕೈಗೆ ಬಂದು, ಬಾಗಿಲ ಬೆಳಕಿಗೆ ಹಿಡಿದು ನೋಡಿದ ಮೇಲೆ ಅವಳ ಮುಖ ಅರಳಿದ ಪರಿ ನೋಡಬೇಕಿತ್ತು.

"ಅರೆ! ನಮ್ಮ ಟೀಚರಮ್ಮನ ಫ್ರಾಕು! ಎಲ್ಲಿ ಸಿಕ್ಕಿತು ಇದು?"

ನಾಲ್ಕು ಪೀಸು ವಾಪಸು ಬಂದ ಕತೆಯನ್ನು ರಾಧಾಮಣಿ ಹೇಳಿದಳು. ಅಖ್ತರಿ ಗಹಗಹಿಸಿ ನಕ್ಕಳು.

"ಜೀವ ಹೇಗೆ ಬರುತ್ತೆ? ನಿಮ್ಮ ಮಾಸ್ಟರು ಕೆಳಗಡೆ ಎಷ್ಟು ಮಡಿಸಿದ್ರು?"

"ಒಂದು ಬೆರಳು."

"ಅದೇ! ಆಗಿನ ಕಾಲದಲ್ಲಿ ನಾಲ್ಕು ಬೆರಳು ಮಡಿಸೋರು. ಮಗು ಬೆಳೆದಂಗೆ ಬಿಚ್ಚಿ ಉದ್ದ ಮಾಡೋದಕ್ಕೆ. ಆ ಭಾರ ಕೆಳಗಿದ್ರೆ ನೆರಿಗೆ ಇಳಿದು ನಿಲ್ಲುತ್ತೆ, ನಡೆದ್ರೆ ಆಡುತ್ತೆ. ಇನ್ನೊಂದು ಕೇಳು. ಕೆಳಗಿಂದು ಛತ್ರಿ ತರ ಕೊರೀಬಾರದು. ಬಟ್ಟೆ ಪೂರ್ತಿ ಅಗಲದ್ದು ಮೂರು ಪನ್ನ ನೇರಾನೇರ ಜೋಡಿಸಿ, ಮೇಲೆ ಮಾತ್ರ ಸುರುಕಿ ನೆರಿಗೆ ಹಿಡೀಬೇಕು. ಬಿಚ್ಚು ಬಟ್ಟೆ. ನೀರು ಕುಡಿಸಿದೀಯಾ?"

"ಕುಡ್ಸಿವ್ನಿ ಅಕ್ಕ."

ಅಖ್ತರಿ ಕತ್ತರಿ ಹಿಡಿದಳು. ಕಣ್ಣು ಅಷ್ಟಾಗಿ ಕಾಣದಿದ್ದರೂ ಗೇಣು ಹಾಕಿ, ಬೆರಳು ಇಟ್ಟು, ಬಟ್ಟೆಯ ನೇಯ್ಗೆಯ ದಾರಿಯನ್ನು ಉಗುರಿನಲ್ಲಿ ಗೀರಿ ಕತ್ತರಿಸಿದಳು. ಎದೆಯ ಭಾಗವನ್ನು ಅಳತೆಗಿಂತ ಮೂರು ಪಟ್ಟು ಅಗಲ ಬಿಟ್ಟಳು. ಬೆಂಕಿಕಡ್ಡಿಯ ತುದಿಯನ್ನು ನೀಲಿಪುಡಿಯ ನೀರಿಗೆ ಅದ್ದಿ ಒಳಮೈ ತುಂಬ ಸಾಲುಸಾಲಾಗಿ ಚುಕ್ಕಿ ಇಟ್ಟಳು. ರಾಧಾಮಣಿ ಚುಕ್ಕಿಯಿಂದ ಚುಕ್ಕಿಗೆ ದಾರ ಎಳೆದು ನೆರಿಗೆ ಕೂರಿಸಿದಳು. ಆಮೇಲೆ ಅಖ್ತರಿ ಸೂಜಿ ಕೇಳಿದಳು. ಸೂಜಿಗೆ ದಾರ ಪೋಣಿಸುವುದೊಂದು ಅವಳಿಂದ ಆಗುತ್ತಿರಲಿಲ್ಲ. ರಾಧಾಮಣಿ ಪೋಣಿಸಿ ಪೋಣಿಸಿ ಕೊಡುತ್ತಿದ್ದಳು, ಅವಳು ಹೆಣೆಯುತ್ತಿದ್ದಳು. ಎರಡು ನೆರಿಗೆ ಸೇರಿಸಿ ಒಂದು ಹೊಲಿಗೆ, ಬಿಟ್ಟು ಕೆಳಗಿಳಿದು ಪಕ್ಕದ ನೆರಿಗೆಗೆ ಇನ್ನೊಂದು. ಭುಜದ ಹತ್ತಿರ ಬಂದಾಗ ಹೊಲಿಗೆಯನ್ನು ಒಂದಿಷ್ಟು ಸಡಿಲ ಮಾಡಿದಳು, ಮಧ್ಯಕ್ಕೆ ಬಂದಾಗ ಬಿಗಿ. ಅದು ಯಾವ ಅಳತೆಯ ಚೀಟಿಯಲ್ಲೂ ಇರಲಿಲ್ಲ. ರಾಧಾಮಣಿಯ ಪಂಚೆಯಲ್ಲಿ ತಪ್ಪಿದ್ದು ಅಲ್ಲೇ.

ತೋಳು, ಕಾಲರು, ಪಕ್ಕದ ಹೊಲಿಗೆ ಎಲ್ಲ ರಾಧಾಮಣಿ ಮಷೀನಿನಲ್ಲಿ ಮುಗಿಸಿದಳು. ಬಟ್ಟೆ ಸುತ್ತಿದ ಗುಂಡಿಗಳನ್ನು ಇಬ್ಬರೂ ಮಾಡಿದರು. ಕೆಳಗೆ ನಾಲ್ಕು ಬೆರಳು ಮಡಿಸಿ, ಹೊರಗೆ ಕಾಣದ ಹಾಗೆ ಕೈಹೊಲಿಗೆ ಹಾಕಿ, ಇಸ್ತ್ರಿ ಮಾಡಿ ತಂತಿಗೆ ತೂಗುಹಾಕಿದಾಗ ಮೂರೂವರೆ ಗಂಟೆ. ಮಧ್ಯಾಹ್ನದ ಊಟ ಇಬ್ಬರಿಗೂ ಮರೆತುಹೋಗಿತ್ತು. ಬೀದಿಯ ಗಾಳಿಗೆ ಫ್ರಾಕು ಒಂದು ಸಲ ತುಂಬಿಕೊಂಡು ಮೆಲ್ಲಗೆ ಇಳಿಯಿತು. ಇಷ್ಟು ದೊಡ್ಡ ಫ್ರಾಕನ್ನು ಆ ಗಲ್ಲಿ ಕಂಡಿರಲಿಲ್ಲ. ಪಕ್ಕದ ಮನೆಯ ಹೆಂಗಸರು ಬಂದು ಮುಟ್ಟಿ ನೋಡಿ ಹೋದರು.

ಹೊರಡುವಾಗ ಅಖ್ತರಿ ಬಾಗಿಲವರೆಗೂ ಬಂದಳು. ಕೇಳಲೋ ಬೇಡವೋ ಎನ್ನುವ ಹಾಗೆ ಚಿಲಕ ಹಿಡಿದುಕೊಂಡು ನಿಂತಳು.

"ನಿಮ್ಮ ಮಾಸ್ಟರ್‌ಗೆ ಹೇಳು ಬೇಟಾ, ಇಂಥ ಒಬ್ಬಳು ಚನ್ನಪಟ್ಟಣದಲ್ಲಿ ಇದ್ದಾಳೆ ಅಂತ. ಮಷೀನು ತುಳಿಯೋಕೆ ಬೇಡ. ಕೂತ್ಕೊಂಡು ಹುಡುಗೀರಿಗೆ ಹೇಳ್ಕೊಡ್ತೀನಿ. ಮನೇಲಿ ಒಬ್ಬಳೇ ಇದ್ದು ಇದ್ದು ಸಾಕಾಗಿದೆ."

"ಯೋಳ್ತೀನಿ ಅಕ್ಕ. ಖಂಡಿತ ಯೋಳ್ತೀನಿ."

ಹೇಳಬೇಕೆಂದೇ ರಾಧಾಮಣಿ ಹೊರಟಿದ್ದಳು. ಅದನ್ನು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ಕೂತು ಮಾತನ್ನೂ ಜೋಡಿಸಿಕೊಂಡಿದ್ದಳು.

ಸೋಮವಾರ ಮನೋಹರ್ ಫ್ರಾಕನ್ನು ಬಟ್ಟೆ ತೊಡಿಸಿ ನೋಡುವ ಆಳೆತ್ತರದ ಗೊಂಬೆಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ. ಮ್ಯಾನೇಜರು ಅಂಚು ತಿರುಗಿಸಿ ನೋಡಿದರು, ಎದೆಯ ಹೊಲಿಗೆಯ ಒಳಮೈ ನೋಡಿದರು. ಸ್ಯಾಂಪಲ್ ರೂಮಿನ ಆರೂ ಜನ ಎದ್ದು ನಿಂತಿದ್ದರು.

"ಯಾರು ಕಟ್ ಮಾಡಿದ್ದು ಇದನ್ನ?"

ಎಲ್ಲರೂ ರಾಧಾಮಣಿಯ ಕಡೆ ತಿರುಗಿದರು. ಎರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳ ಮುಖವನ್ನು ಯಾರೂ ಹಾಗೆ ನೋಡಿರಲಿಲ್ಲ.

"ನಾನೇ ಸಾರ್."

ಅಷ್ಟೇ ಅವಳು ಹೇಳಿದ್ದು. ಆ ವಾರವೇ ಅವಳನ್ನು ಲೈನಿನಿಂದ ತೆಗೆದು ಸ್ಯಾಂಪಲ್ ರೂಮಿನಲ್ಲಿ ಕೂರಿಸಿದರು. ಏಳನೆಯ ಮೇಜು, ಕಿಟಕಿಯ ಪಕ್ಕ. ಫ್ರಾಕು ಗಿರಾಕಿಗೆ ಒಪ್ಪಿಗೆಯಾಯಿತು. ದೊಡ್ಡ ಆರ್ಡರು ಬಂತು. ಕೈಹೊಲಿಗೆಗೆಂದು ಇಪ್ಪತ್ತು ಹುಡುಗಿಯರನ್ನು ಆರಿಸಿ ರಾಧಾಮಣಿಯ ಕೈಗೆ ಒಪ್ಪಿಸಿದರು. ಅವಳು ಕಲಿಸಿದಳು. ಬೇಗ ಆಗಬೇಕಿತ್ತು. ಮೂರು ಸಲ ಹಿಂದೆ ಮುಂದೆ ಓಡಿಸುವುದು ಹೊತ್ತು ತಿನ್ನುತ್ತದೆ ಎಂದು ಸೂಪರ್‌ವೈಸರು ಹೇಳಿದಾಗ ದಾರಕ್ಕೆ ಗಂಟು ಹಾಕಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಒಂದು ಬಗೆ. ಹುಡುಗಿಯರು ಕಲಿಯಲು ಕೂತು ಎಂಟು ದಿನ ಕಳೆದ ಮೇಲೆ ಮನೋಹರ್ ಅವಳ ಮೇಜಿನ ಹತ್ತಿರ ಬಂದು ತಾನಾಗಿಯೇ ಕೇಳಿದ.

"ನೀವೊಬ್ಬರೇ ಇಪ್ಪತ್ತು ಜನಕ್ಕೆ ಕಲಿಸೋದು ಕಷ್ಟ. ಇದು ಗೊತ್ತಿರೋರು ನಿಮ್ಮ ಕಡೆ ಇನ್ಯಾರಾದ್ರೂ ಇದ್ದಾರಾ? ವಯಸ್ಸಾದವರಾದ್ರೂ ಪರವಾಗಿಲ್ಲ, ಕರ್ಕೊಂಡು ಬನ್ನಿ."

ಬಾಗಿಲು ಅದಾಗಿಯೇ ತೆರೆದುಕೊಂಡಿತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಆದರೆ ಆ ಹೆಸರು ಒಳಗೆ ಬಂದರೆ ಅದರ ಹಿಂದೆ ಎಲ್ಲವೂ ಬರುತ್ತದೆ. ಅಖ್ತರಿ ಬಂದು ಕೂತು, "ನಾನು ಕತ್ತರಿಸಿದ ಫ್ರಾಕು ಎಲ್ಲಿ?" ಎಂದು ನಗುತ್ತ ಕೇಳುತ್ತಾಳೆ. ಮುಚ್ಚಿಡುವುದು ಅವಳಿಗೆ ಗೊತ್ತಿಲ್ಲ. ಮತ್ತೆ ನಾಲ್ಕನೆಯ ಲೈನು, ಮತ್ತೆ ಎಡತೋಳು.

"ಯಾರೂ ಇಲ್ಲ ಸಾರ್."

ಆ ಭಾನುವಾರ ಅಖ್ತರಿಯ ಮನೆಗೆ ಹೋದಳು, ಒಂದು ಕೆಜಿ ಸೇಬು ಹಿಡಿದುಕೊಂಡು. ಫ್ರಾಕು ಪಾಸಾಯಿತಾ ಎಂದು ಅಖ್ತರಿ ಮೊದಲು ಕೇಳಿದಳು. ಪಾಸಾಯಿತು ಎಂದಾಗ ಎರಡು ಕೈಯಲ್ಲೂ ರಾಧಾಮಣಿಯ ಕೆನ್ನೆ ಸವರಿ ತನ್ನ ನೆತ್ತಿಗೆ ಬೆರಳೊತ್ತಿ ಲಟಿಕೆ ಮುರಿದಳು. ಆಮೇಲೆ ದನಿ ತಗ್ಗಿಸಿ, "ನನ್ನ ವಿಷಯ?" ಎಂದಳು.

"ಕೇಳ್ದೆ ಅಕ್ಕ. ಮೂವತ್ತೈದು ದಾಟಿದೋರ್ನ ತಕ್ಕಳಕಿಲ್ವಂತೆ."

"ಹೌದಾ." ಅಖ್ತರಿ ಒಂದು ಸೇಬು ಎತ್ತಿ ಸೆರಗಿನಲ್ಲಿ ಒರೆಸಿದಳು. "ಇರಲಿ ಬಿಡು. ಕಂಪನಿಯವರಿಗೂ ಏನೇನೋ ಇರುತ್ತೆ. ನೀನು ಕೇಳಿದೆಯಲ್ಲ, ಅಷ್ಟು ಸಾಕು ಬೇಟಾ."

ಅದಾದ ಮೇಲೆ ರಾಧಾಮಣಿಗೆ ಆ ಗಲ್ಲಿಗೆ ಕಾಲಿಡಲು ಆಗಲಿಲ್ಲ. ಹಬ್ಬಕ್ಕೆ ಹೋಗೋಣ ಎಂದುಕೊಂಡು ಮುಂದೂಡಿದಳು. ಧನುಶ್ರೀಯ ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದಳು. ಒಂದು ಸಲ ಚನ್ನಪಟ್ಟಣದ ಬಸ್ ನಿಲ್ದಾಣದವರೆಗೆ ಹೋಗಿ, ಅಲ್ಲೇ ಅರ್ಧ ಗಂಟೆ ಕೂತು, ವಾಪಸು ಬಂದಳು. ಅತ್ತೆ, "ಯಾಕಮ್ಮಿ, ಬೂಬಮ್ಮ ಸಿಗ್ನಿಲ್ವಾ?" ಎಂದರೆ, "ಬೀಗ ಹಾಕಿತ್ತು" ಎಂದಳು. ಒಂದು ಸುಳ್ಳಿಗೆ ಇನ್ನೊಂದು ಹುಟ್ಟಿಕೊಳ್ಳುತ್ತಲೇ ಹೋಯಿತು, ಅತ್ತೆಯ ಹತ್ತಿರವೂ.

ಎರಡು ವರ್ಷ ಕಳೆಯಿತು. ೨೦೦೮ರ ಮಳೆಗಾಲದಲ್ಲಿ ನಯನ ಎಂಬ ಹೊಸ ಹುಡುಗಿ ಕೈಹೊಲಿಗೆಯ ವಿಭಾಗಕ್ಕೆ ಸೇರಿದಳು. ದೊಡ್ಡಆಲಹಳ್ಳಿಯವಳು, ಚನ್ನಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು. ಹೊಸಬರ ಕೈ ನೋಡುವುದು ರಾಧಾಮಣಿಯ ಕೆಲಸ. ನಯನಳ ಬಟ್ಟೆ ತಿರುಗಿಸಿ ನೋಡಿದವಳು ಹಾಗೇ ನಿಂತುಬಿಟ್ಟಳು. ಒಳಮೈಯಲ್ಲಿ ಒಂದು ಗಂಟೂ ಇರಲಿಲ್ಲ.

"ಗಂಟು ಯಾಕೆ ಹಾಕ್ಲಿಲ್ಲ?" ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ಚುಚ್ಚುತ್ತಂತೆ ಅಕ್ಕ. ನಂಗೆ ಕಲಿಸ್ದೋರು ಹಂಗೇ ಯೋಳವ್ರೆ. ಅಖ್ತರಿ ಆಂಟಿ ಅಂತ, ನಮ್ಮ ಚಿಕ್ಕಮ್ಮನ ಮನೆ ಪಕ್ಕ ಇದ್ರು. ಪಾಪ, ಕಣ್ಣು ಕಾಣ್ದೇ ಇದ್ರೂ ಬೆರಳಲ್ಲಿ ಮುಟ್ಟಿ ಮುಟ್ಟಿ ಯೋಳ್ಕೊಟ್ರು. ಗಾರ್ಮೆಂಟ್ಸ್‌ನಲ್ಲಿ ನನ್ನ ಮಗಳು ರಾಧಾ ಅವ್ಳೆ, ಅವ್ಳ ಹೆಸರು ಯೋಳು, ನೋಡ್ಕತಾಳೆ ಅಂದ್ರು. ಅದು ನೀವೇ ಅಲ್ವಾ ಅಕ್ಕ?"

ನನ್ನ ಮಗಳು. ರಾಧಾಮಣಿ ಬಟ್ಟೆಯನ್ನು ಮಡಿಸಿ ಕೊಟ್ಟು, ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನಲ್ಲಿ ಅತ್ತಳು.

ಅಖ್ತರಿ ಆಗ ಚನ್ನಪಟ್ಟಣದಲ್ಲಿ ಇರಲಿಲ್ಲ. ಮಷೀನುಗಳನ್ನು ಮಾರಿ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ತಂಗಿಯ ಮಗಳ ಮನೆಯಲ್ಲಿ ಸೇರಿಕೊಂಡಿದ್ದಳು. ಒಂದು ಕಣ್ಣಿಗೆ ಆಪರೇಷನ್ ಆಗಿ ನೆರಳಿನಷ್ಟು ಕಾಣುತ್ತಿತ್ತು, ಇನ್ನೊಂದು ಪೂರ್ತಿ ಹೋಗಿತ್ತು. ವಿಳಾಸ ಹುಡುಕಿಕೊಂಡು ಹೋಗಲು ರಾಧಾಮಣಿಗೆ ಮತ್ತೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ನಯನ ಅಲ್ಲಿಗೆ ಹೋಗಿ ಬಂದಾಗಿತ್ತು.

"ಯಾರು?"

"ನಾನು ಅಕ್ಕ. ರಾಧಾ."

"ಓ, ರಾಧಾಮಣಿ ಅವರಾ? ಬನ್ನಿ, ಬನ್ನಿ. ಕೂತ್ಕೊಳ್ಳಿ."

ರಾಧಾಮಣಿ ಹೊಸ್ತಿಲ ಮೇಲೇ ನಿಂತಳು. ಏಳು ವರ್ಷ ಬೇಟಾ ಎಂದು, ನೀನು ಎಂದು, ಕತ್ತೆ ಎಂದು ಕರೆದ ಬಾಯಿ ಅದು. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು, ಬಾಗಿಲು ಹಾಕಿಕೊಂಡರೂ ಸರಿ ಎಂದು ಬಂದಿದ್ದಳು. ಈ ಬನ್ನಿಗೆ ಸಿದ್ಧವಾಗಿ ಬಂದಿರಲಿಲ್ಲ.

ಅಖ್ತರಿಯೇ ಮಾತು ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಯನ ಬಂದಿದ್ಳು. ಅಲ್ಲಿ ಐವತ್ತು ದಾಟಿದವರೂ ಕಾಜಾ ಹಾಕೋಕೆ ಇದ್ದಾರಂತೆ. ಈ ಹೊಲಿಗೆಯನ್ನ ಕಂಪನಿಗೆ ಮೊದಲು ತಂದಿದ್ದು ರಾಧಾ ಮೇಡಮ್ಮೇ ಅಂತೆ. ಬಹಳ ಖುಷಿಯಾಗಿ ಹೇಳಿದ್ಳು ಪಾಪ, ನಿಮ್ಮನ್ನ ಹೊಗಳೋಕೆ."

ರಾಧಾಮಣಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮ್ಯಾನೇಜರು ಕೇಳಿದ್ದು, ನಾನೇ ಎಂದಿದ್ದು, ಮನೋಹರ್ ತಾನಾಗಿ ಬಂದು ಕೇಳಿದಾಗ ಯಾರೂ ಇಲ್ಲ ಎಂದಿದ್ದು, ಮೂವತ್ತೈದರ ಮಾತು ತಾನೇ ಕಟ್ಟಿದ್ದು. ಒಂದನ್ನೂ ಬಿಡಲಿಲ್ಲ. ಅಖ್ತರಿ ಮುಖವನ್ನು ಕಿಟಕಿಯ ಬೆಳಕಿನ ಕಡೆ ಇಟ್ಟುಕೊಂಡು ಕೇಳಿದಳು.

"ನಾನು ಬಂದಿದ್ರೆ ನಿಮ್ಮ ಕೆಲಸ ಹೋಗ್ತಿತ್ತಾ?"

"ಗೊತ್ತಿಲ್ಲ ಅಕ್ಕ. ಓಯ್ತಿರ್ನಿಲ್ಲ ಅನ್ಸುತ್ತೆ. ಎದ್ರಿಕೆ ಆಗ್ಬುಡ್ತು."

"ಹೆದರಿಕೆ." ಅಖ್ತರಿ ಆ ಪದವನ್ನು ಒಂದು ಸಲ ತಾನೂ ಹೇಳಿ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, ಯಾರನ್ನೋ ದೂರುವ ಹಾಗಲ್ಲ, ಲೆಕ್ಕ ತಪ್ಪಿದ್ದನ್ನು ನೆನೆಸಿಕೊಳ್ಳುವ ಹಾಗೆ ಅಂದಳು. "ಆ ವರ್ಷ ನನ್ನ ಕಣ್ಣು ಇನ್ನೂ ಒಂದಿಷ್ಟು ಇತ್ತು."

ತಂಗಿಯ ಮಗಳನ್ನು ಕರೆದು ಟೀ ತರಿಸಿದಳು. ಧನುಶ್ರೀ ಯಾವ ಕ್ಲಾಸು ಎಂದು ಕೇಳಿದಳು. ಅತ್ತೆಯವರ ಮಂಡಿನೋವು ಹೇಗಿದೆ ಎಂದು ಕೇಳಿದಳು. ಪ್ರತಿ ಮಾತಿಗೂ ನೀವು, ನಿಮ್ಮ.

ಮರುದಿನ ರಾಧಾಮಣಿ ನೆಟ್ಟಗೆ ಮನೋಹರನ ಹತ್ತಿರ ಹೋದಳು. ಆ ಫ್ರಾಕನ್ನು ಕತ್ತರಿಸಿದ್ದು ತಾನಲ್ಲ, ಹೆಣೆದದ್ದು ತಾನಲ್ಲ ಎಂದಳು. ಮನೋಹರ್ ಕೈಯಲ್ಲಿದ್ದ ಅಳತೆಯ ಚೀಟಿಯಿಂದ ತಲೆ ಎತ್ತಿದ.

"ಯಾವ ಫ್ರಾಕು?"

"ಆ ನೀಲಿ ಹೂವಿಂದು ಸಾರ್. ಎರಡು ವರ್ಷದ ಹಿಂದೆ."

"ಓ, ಅದಾ. ಆ ಗಿರಾಕಿ ಬಿಟ್ಟೇ ಹೋದನಲ್ಲಮ್ಮ, ಈಗ ಬೇರೆ ದೇಶದಲ್ಲಿ ಮಾಡಿಸ್ತಾನೆ. ಈಗ್ಯಾಕೆ ಅದು? ಹೋಗಿ, ಆ ಕಾಲರ್ ಪೀಸು ಮಧ್ಯಾಹ್ನದೊಳಗೆ ಬೇಕು."

"ಅವ್ರಿಗೆ ಏನಾರ ಕೆಲ್ಸ ಸಾರ್? ಕಲ್ಸೋಕೆ?"

"ಕಣ್ಣು ಕಾಣುತ್ತಾ?"

ಉತ್ತರಕ್ಕೆ ಅವನು ಕಾಯಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಎರಡು ವರ್ಷ ನಡುಗಿದ್ದ ಮಾತು ಅದು. ಯಾರಿಗೂ ಏನೂ ಆಗಲಿಲ್ಲ. ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ಅವಳು ಇಂದಿಗೂ ತಿಂಗಳಿಗೊಮ್ಮೆ ರಾಮನಗರದಲ್ಲಿ ಇಳಿಯುತ್ತಾಳೆ. ಹಣ್ಣು ಒಯ್ಯುತ್ತಾಳೆ, ಅಖ್ತರಿಯ ತಲೆ ಬಾಚುತ್ತಾಳೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಹೊಸದಾಗಿ ಬಂದ ಹುಡುಗಿಯರಿಗೆ ಕಲಿಸುವಾಗ ಇದು ಇಂಥವರ ಕೈಹೊಲಿಗೆ ಎಂದು ಹೆಸರು ಹೇಳಿಯೇ ಶುರುಮಾಡುತ್ತಾಳೆ. ಹುಡುಗಿಯರು ತಲೆಯಾಡಿಸಿ ಸೂಜಿ ಎತ್ತಿಕೊಳ್ಳುತ್ತಾರೆ. ಅಖ್ತರಿ ಅವಳನ್ನು ಒಮ್ಮೆಯೂ ಬೇಡ ಎಂದಿಲ್ಲ. ಬಂದರೆ ಮುಖದಲ್ಲಿ ನಗು ಇರುತ್ತದೆ.

ಕಳೆದ ಸಲ ಹೋದಾಗ ತಡೆಯಲಾರದೆ ರಾಧಾಮಣಿ ಅವಳ ಎರಡೂ ಕೈ ಹಿಡಿದುಕೊಂಡು ಕೇಳಿದಳು. "ಅಕ್ಕ, ನನ್ನ ಒಂದ್ಸಲ ಬಯ್ದುಬುಡಿ. ಬಾಯಿಗೆ ಬಂದಂಗೆ ಬಯ್ದುಬುಡಿ."

ಅಖ್ತರಿ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ಬಯ್ಯೋಕೆ ಏನಿದೆಯಮ್ಮ? ಟೀ ಆರಿಹೋಗುತ್ತೆ, ಕುಡೀರಿ" ಎಂದಳು.